ಹಿಂದಿನ ಸೀಟಿಲ್ಲದ ಕಾರು

ತಡಸದ ಉಡಚಪ್ಪ ಸ್ವಂತ ಕೈಯಿಂದ ಕಾರು ಕಟ್ಟಿದ, ಕಟ್ಟಿ ವರ್ಷ ತುಂಬುತ್ತಲೇ ಮಾರಿಬಿಟ್ಟ. ಇಷ್ಟು ಸುದ್ದಿ ಶಿಗ್ಗಾಂವಿಯಿಂದ ಹಾನಗಲ್ಲಿನವರೆಗೆ ಎಲ್ಲರಿಗೂ ಗೊತ್ತು. ಯಾಕೆ ಮಾರಿದ ಎಂದು ಕೇಳಿ ನೋಡಿ, ಒಬ್ಬೊಬ್ಬರದು ಒಂದೊಂದು ರಾಗ. ಪೆಟ್ರೋಲಿನ ಖರ್ಚು ನೀಗಲಿಲ್ಲ ಎನ್ನುವವರು ಕೆಲವರು, ದೃಷ್ಟಿಯಾಯಿತು ಎನ್ನುವವರು ಕೆಲವರು. ಮಾಡುವ ತನಕ ಹುಚ್ಚು, ಮಾಡಿ ಮುಗಿಸಿದ ಮೇಲೆ ಬೇಸರ, ಅಂಥವರ ಜಾಯಮಾನವೇ ಹಾಗೆ ಎಂದು ಕೈ ತೊಳೆದುಕೊಳ್ಳುವವರು ಬಹಳ. ಈ ಕೊನೆಯ ಮಾತಿನಲ್ಲಿ ಒಂದಿಷ್ಟು ನಿಜವಿದೆ, ಇಲ್ಲವೆನ್ನುವುದಿಲ್ಲ. ಆದರೆ ಉಡಚಪ್ಪ ಆ ಕಾರು ಕಟ್ಟಿದ್ದು ಒಬ್ಬಳನ್ನು ಪಕ್ಕಕ್ಕೆ ಕೂರಿಸಿಕೊಂಡು ಓಡಿಸಬೇಕೆಂದು, ಮತ್ತು ಆ ಒಬ್ಬಳು ಬೇರೆ ಯಾರೂ ಅಲ್ಲ, ತಾಳಿ ಕಟ್ಟಿಸಿಕೊಂಡ ಹೆಂಡತಿ ಶೇಖವ್ವ. ಹೆಂಡತಿಯನ್ನು ಕೂರಿಸಿಕೊಳ್ಳಲು ಯಾರ ಅಪ್ಪಣೆ ಬೇಕು ಎಂದು ಈಗಿನವರು ನಗಬಹುದು. ನಗಲಿ. ಆ ಕಾಲದಲ್ಲಿ ತಡಸದಂಥ ಊರಿನಲ್ಲಿ ಬಾಳುವೆ ಮಾಡಿದವರು ನಗುವುದಿಲ್ಲ.

ಉಡಚಪ್ಪ ಹರೆಯದಲ್ಲಿ ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿತವನು. ಆ ಗ್ಯಾರೇಜಿನ ಗೋಡೆಗೆ ಯಾವುದೋ ಟೈರಿನ ಕಂಪನಿಯ ಕ್ಯಾಲೆಂಡರು ತೂಗುಬಿದ್ದಿತ್ತು. ವರ್ಷ ಮುಗಿದರೂ ಅದನ್ನು ಯಾರೂ ತೆಗೆದಿರಲಿಲ್ಲ, ಏಕೆಂದರೆ ಅದರ ಚಿತ್ರ ಅಷ್ಟು ಚಂದ. ಸಮುದ್ರದ ದಂಡೆಯ ರಸ್ತೆಯ ಮೇಲೆ ಒಂದು ಕೆಂಪು ಕಾರು. ಮೇಲೆ ಚಾವಣಿ ಇಲ್ಲ. ಒಳಗೆ ಒಬ್ಬ ಗಂಡಸು, ಅವನ ಬಗಲಿಗೆ ಒಬ್ಬ ಹೆಂಗಸು. ಅವಳ ತಲೆಯ ಅರಿವೆ ಗಾಳಿಗೆ ಹಾರುತ್ತಿದೆ, ಅವಳು ನಗುತ್ತಿದ್ದಾಳೆ. ಉಡಚಪ್ಪ ಗ್ರೀಸು ಮೆತ್ತಿದ ಕೈಯಲ್ಲಿ ಚಹಾ ಕುಡಿಯುತ್ತ ದಿನಾ ಅದನ್ನೇ ನೋಡುತ್ತಿದ್ದ. ಮುಂದೆ ಲಗ್ನವಾಯಿತು, ಹಿರೇಕೆರೂರ ಕಡೆಯ ಹಳ್ಳಿಯಿಂದ ಶೇಖವ್ವ ಬಂದಳು, ಅವನು ಊರಿಗೆ ವಾಪಸಾಗಿ ರಸ್ತೆ ಬದಿಯ ಹುಣಸೆಮರದ ಕೆಳಗೆ ತಗಡಿನ ಶೆಡ್ಡು ಹಾಕಿದ. ಕೆಟ್ಟು ನಿಂತ ಲಾರಿಗಳನ್ನೂ ರೈತರ ಬಾವಿಯ ಆಯಿಲ್ ಇಂಜಿನ್‌ಗಳನ್ನೂ ದುರಸ್ತಿ ಮಾಡುವ ಉದ್ಯೋಗ ಕುದುರಿತು. ಕ್ಯಾಲೆಂಡರು ಹುಬ್ಬಳ್ಳಿಯಲ್ಲೇ ಉಳಿಯಿತು, ಚಿತ್ರ ಮಾತ್ರ ಅವನ ಜೊತೆಗೇ ಬಂತು. ಅದರೊಳಗಿನ ಹೆಂಗಸಿನ ಮುಖ ಅಳಿಸಿಹೋಗಿ ಆ ಜಾಗದಲ್ಲಿ ಶೇಖವ್ವ ಬಂದು ಕುಳಿತಿದ್ದಳು.

ರಾಜ್ಯ ಒಂದಾದ ವರ್ಷ ಹಿರೇಬೆಂಡಿಗೇರಿಯ ಒಂದು ಹಳೆಯ ವಾಡೆಗೆ ಇಂಜಿನ್ ದುರಸ್ತಿಗೆಂದು ಹೋದಾಗ, ಅಲ್ಲಿನ ದನದ ಕೊಟ್ಟಿಗೆಯ ಪಕ್ಕದಲ್ಲಿ ಅವನಿಗೆ ಒಂದು ಕಾರು ಸಿಕ್ಕಿತು. ಸಿಕ್ಕಿತು ಎಂದರೆ, ಕಾರೆನ್ನುವುದು ಒಂದು ಕಾಲಕ್ಕೆ ಹೀಗಿತ್ತು ಎನ್ನುವಷ್ಟು. ಟೈರು ಮಣ್ಣಾಗಿದ್ದವು. ಹಿಂದಿನ ಸೀಟಿನಲ್ಲಿ ಕೋಳಿಗಳು ಸಂಸಾರ ಹೂಡಿದ್ದವು. ವಾಡೆಯ ಮುದುಕಿ ಅವನ ಕಣ್ಣಿನ ಆಸೆ ನೋಡಿ, "ತಗೊಂಡು ಹೋಗೋ ಮಾರಾಯಾ, ಆದ್ರ ನನ್ನ ಕೋಳಿ ಎಲ್ಲಿ ತತ್ತಿ ಇಡಬೇಕು ಅನ್ನೂದನ್ನ ಮೊದಲು ಹೇಳು" ಎಂದಳು. ಉಡಚಪ್ಪ ದುರಸ್ತಿಯ ಮಜೂರಿ ಬಿಟ್ಟ, ಮೇಲೆ ಹಲಗೆ ಬಡಿದು ಒಂದು ಕೋಳಿಗೂಡು ಮಾಡಿಕೊಟ್ಟ. ಎರಡು ಜೋಡಿ ಎತ್ತು ಕಟ್ಟಿ ಕಾರನ್ನು ತಡಸಕ್ಕೆ ಎಳೆದು ತಂದರು. ಊರು ಅವತ್ತೇ ನಗಲು ಶುರು ಮಾಡಿತು.

ಮಾರನೆಯ ದಿನವೇ ಗರಗಸ ಹಿಡಿದು ಆ ಕಾರಿನ ಹಿಂಭಾಗವನ್ನು ಕೊಯ್ದು ಹಾಕಿದ. ಚಿತ್ರದ ಕಾರಿಗೆ ಇದ್ದವು ಎರಡೇ ಸೀಟು. ಉಳಿದದ್ದೆಲ್ಲ ಅವನ ಲೆಕ್ಕದಲ್ಲಿ ಬರೀ ಭಾರ.

ತಗಡಿನ ಕೆಲಸಕ್ಕೆ ಸವಣೂರಿನ ಖಲಂದರ ಬಂದ. ಖಲಂದರ ತಾಮ್ರದ ಹಂಡೆ, ಕೊಡ ಬಡಿಯುವ ಮನೆತನದವನು, ಉಡಚಪ್ಪನ ಹಳೆಯ ದೋಸ್ತ, ಬಾಯಿ ಸ್ವಲ್ಪ ಉದ್ದ. ಮುಂಭಾಗ ಹೇಗಿರಬೇಕೆಂದು ಉಡಚಪ್ಪ ನೆಲದ ಮೇಲೆ ಸುಣ್ಣದಕಡ್ಡಿಯಿಂದ ಬರೆದು ತೋರಿಸಿದ.

"ಮುಂದ ತಿಳೀತು. ಹಿಂದ ಹೆಂಗೈತಿ?" ಎಂದ ಖಲಂದರ.

"ಹಿಂದಿಂದು ನಾ ನೋಡಿಲ್ಲೋ. ಚಿತ್ರದಾಗ ಕಾಣ್ತಿದ್ದಿಲ್ಲ."

"ಯಪ್ಪಾ, ಮುಂದಷ್ಟ ನೋಡಿ ಲಗ್ನ ಆದಂಗಾತಿದು."

ಕೊನೆಗೆ ಖಲಂದರ ತನಗೆ ಬರುವುದನ್ನೇ ಮಾಡಿದ. ಕಾರಿನ ಬಾಲ ನೀರು ಕಾಯಿಸುವ ಹಂಡೆಯ ತಳದಂತೆ ಗುಂಡಗಾಯಿತು. ಊರವರು ಹಂಡೇ ಕಾರು ಎಂದು ಹೆಸರಿಟ್ಟರು. ಉಡಚಪ್ಪ ಬೇಸರ ಮಾಡಿಕೊಳ್ಳಲಿಲ್ಲ. ಆ ಐದಾರು ವರ್ಷ ಅವನಿಗೆ ಯಾವುದರಿಂದಲೂ ಬೇಸರವಾಗಲಿಲ್ಲ ಎಂಬುದೇ ನಿಜ. ಹುಬ್ಬಳ್ಳಿಯ ಗುಜರಿಯಲ್ಲಿ ಒಂದು ಗೇರು ಸಿಕ್ಕರೆ ಅವನಿಗೆ ಅವತ್ತು ಹಬ್ಬ. ಸಿಕ್ಕ ಗೇರು ಕೂಡದಿದ್ದರೆ ಅರ ಹಿಡಿದು ಉಜ್ಜಿ ಕೂಡ್ರಿಸುವುದು ಇನ್ನೂ ದೊಡ್ಡ ಹಬ್ಬ. ಲಾರಿಯವರು ಕಾಯುತ್ತಿದ್ದರು, ರೈತರು ಬೈಯುತ್ತಿದ್ದರು, ಇವನು ಕಾರಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದ. ಈ ನಡುವೆ ಮಗಳೊಬ್ಬಳು ಹುಟ್ಟಿದಳು, ನಡೆಯಲು ಕಲಿತಳು. ಕಾರು ಇನ್ನೂ ನಡೆಯಲು ಕಲಿತಿರಲಿಲ್ಲ.

ಶೇಖವ್ವ ಶೆಡ್ಡಿನ ಕಡೆ ಹಾಯುತ್ತಿರಲಿಲ್ಲ. ಅಲ್ಲಿ ಸದಾ ಗಂಡಸರು. ಆದರೆ ಸೀಟಿನ ಕೆಲಸ ಬಂದಾಗ ಉಡಚಪ್ಪ ಅರಿವೆ, ತೆಂಗಿನ ನಾರು ಎಲ್ಲವನ್ನೂ ಮನೆಗೆ ಹೊತ್ತು ತಂದು ಅವಳ ಮುಂದೆ ಹಾಕಿದ. ಕೌದಿ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ಆ ಓಣಿಯಲ್ಲಿ ಇರಲಿಲ್ಲ. ಕೌದಿಗೆ ಹಾಕುವ ಹಾಗೆಯೇ ಸಾಲುಸಾಲಾಗಿ, ಜೋಳದ ಕಾಳಿನಷ್ಟು ಸಣ್ಣ ಹೊಲಿಗೆ ಹಾಕಿ ಎರಡು ಸೀಟು ತಯಾರು ಮಾಡಿದಳು. ಬೆರಳು ತೂತು ಬಿದ್ದವು. "ಎಡಕಿನ್ದು ನಿಂದು" ಎಂದು ಅವನು ಹೇಳಿದ ಮೇಲೆ ಎಡಗಡೆಯ ಸೀಟಿನ ಅಂಚಿಗೆ ತನ್ನ ಹಳೆಯ ಇಳಕಲ್ ಸೀರೆಯ ಕೆಂಪು ಪಟ್ಟಿ ಹೊಲಿದಳು.

ಒಂದು ಮಧ್ಯಾಹ್ನ ಅತ್ತೆ ವೀರವ್ವ ಹೊಲಕ್ಕೆ ಹೋಗಿದ್ದಳು. ಸೀಟುಗಳು ಪಡಸಾಲೆಯಲ್ಲಿ ಅಕ್ಕಪಕ್ಕ ಇದ್ದವು. ಉಡಚಪ್ಪ ಬಂದು ಬಲಗಡೆಯದರಲ್ಲಿ ಕುಳಿತ. ಬಾಗಿಲು ಮುಂದಕ್ಕೆ ಎಳೆದು ಬಂದು ಶೇಖವ್ವ ಎಡಗಡೆಯದರಲ್ಲಿ ಕುಳಿತಳು. ಅವನು ಕೈಯಲ್ಲಿ ಇಲ್ಲದ ಸ್ಟೇರಿಂಗ್ ತಿರುಗಿಸುತ್ತ ಬಾಯಲ್ಲಿ ಇಂಜಿನ್ ಸದ್ದು ಮಾಡಿದ. "ಎಲ್ಲಿ ಬಂತ್ರಿ ಊರು?" ಎಂದು ಅವಳು ಕೇಳಿದಳು. "ಹಾನಗಲ್ ದಾಟಿತು, ಗಟ್ಟಿ ಹಿಡಕೋ" ಎಂದ. ಇಬ್ಬರೂ ಹುಚ್ಚರಂತೆ ನಕ್ಕರು. ಅವತ್ತಿನಿಂದ ಉಡಚಪ್ಪನ ಮನಸ್ಸಿನಲ್ಲಿ ಸಂಶಯವೇ ಉಳಿಯಲಿಲ್ಲ. ಕಾರು ಎದ್ದ ದಿನ ಅವಳು ಕೂರುತ್ತಾಳೆ.

ಕಾರು ಎದ್ದಿತು. ಮಹಾನವಮಿಯ ಆಯುಧ ಪೂಜೆಗೆ ಸರಿಯಾಗಿ ಎದ್ದಿತು. ಕುಂಕುಮದ ಬಣ್ಣ ಬಳಿದುಕೊಂಡು ಶೆಡ್ಡಿನಿಂದ ಹೊರಗೆ ಬಂದು ಹುಣಸೆಮರದ ಕೆಳಗೆ ನಿಂತು ಗುರ್ರೆಂದಾಗ, ವರ್ಷಗಟ್ಟಲೆ ನಕ್ಕವರೇ ಮುಂದೆ ಬಂದು ಕೈಯಿಂದ ಮುಟ್ಟಿ ನೋಡಿದರು. ಊರಿಗೆ ಊರೇ ಸೇರಿತ್ತು. ಪಂಚಾಯ್ತಿ ಚೇರ್ಮನ್ ಗುದ್ಲೆಪ್ಪನವರು ಹೊಸ ರುಮಾಲು ಸುತ್ತಿಕೊಂಡು ಬಂದಿದ್ದರು. ಶೇಖವ್ವ ತಲೆ ತುಂಬ ಸೆರಗು ಹೊದ್ದು ಆರತಿ ಬೆಳಗಿದಳು. ಉಡಚಪ್ಪ ಕಾಯಿ ಒಡೆದ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟ. ಆಮೇಲೆ ಸ್ಟೇರಿಂಗ್ ಹಿಂದೆ ಕುಳಿತು, ಎಡಗಡೆಯ ಬಾಗಿಲು ತೆರೆದು, ಎಲ್ಲರಿಗೂ ಕೇಳುವಂತೆ ಕರೆದ.

"ಬಾ. ಹತ್ತು."

ಎದೆಯೊಳಗಿನ ಸಂತೋಷ ಅವನ ಕೈ ಮೀರಿತ್ತು. ಜಗತ್ತೇ ನೋಡಲಿ ಎಂದಿತ್ತು ಅವನಿಗೆ. ಅದೇ ಅವನ ತಪ್ಪು.

ಶೇಖವ್ವ ಆರತಿ ತಟ್ಟೆ ಹಿಡಿದು ನಿಂತಲ್ಲೇ ನಿಂತಳು. ವೀರವ್ವನೇ ಮುಂದೆ ಬಂದಳು. ಮುದುಕಿಯ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವಳು ಕಾರಿನ ಸುತ್ತ ಒಂದು ಸುತ್ತು ಹಾಕಿ, ಹಂಡೆಯಂಥ ಬಾಲವನ್ನು ಸವರಿ, ಏನೋ ಕಳೆದುಕೊಂಡವಳ ಹಾಗೆ ಹುಡುಕಿದಳು.

"ಹತ್ತಲಿ ತಮ್ಮಾ, ಬ್ಯಾಡ ಅನ್ನಂಗಿಲ್ಲ. ಆದ್ರ ಎಲ್ಲಿ ಕುಂದರಬೇಕು ಅಕಿ?"

"ಇಲ್ಲೇ ಅವ್ವಾ. ನನ್ನ ಬಾಜೂಕ."

"ನಿನ್ನ ಬಾಜೂಕ ಯಾರರ ದೊಡ್ಡವರು ಕುಂದರ್ತಾರ. ಹೆಣಮಕ್ಕಳು ಕುಂದರೂ ಜಾಗಾ ಹಿಂದ ಎಲ್ಲೈತಿ?"

ಉಡಚಪ್ಪ ಹಿಂದೆ ತಿರುಗಿ ನೋಡಿದ. ಅವನ ಬೆನ್ನಿಗೇ ತಗಡು ಮುಗಿದಿತ್ತು.

"ಆ ವಾಡೇದ ಕಾರಿಗೆ ಹಿಂದ ಸೀಟ ಇತ್ತಲ್ಲೋ. ಅದನ್ಯಾಕ ಕೊಯ್ದು ಒಗದಿ?" ಎಂದಳು ವೀರವ್ವ.

ಮಂದಿ ಗೊಳ್ಳೆಂದು ನಕ್ಕಿತು. ಇಷ್ಟು ವರ್ಷ ಒಂದೊಂದು ನಟ್ಟು ಬೋಲ್ಟಿನ ಬಗ್ಗೆ ತಲೆ ಕೆಡಿಸಿಕೊಂಡವನಿಗೆ ಇದು ಹೊಳೆದಿರಲಿಲ್ಲ. ಬಂಡಿಯಲ್ಲಿ ಗಂಡಸು ಮುಂದೆ ಕುಳಿತು ಎತ್ತು ಹೊಡೆಯುತ್ತಾನೆ, ಹೆಂಗಸರು ಹಿಂದೆ ಸೆರಗು ಹೊದ್ದು ಮುದುಡಿ ಕೂರುತ್ತಾರೆ. ಟಾಂಗಾದಲ್ಲಿ ಹಾಗೆಯೇ, ಬಸ್ಸಿನಲ್ಲೂ ಗಂಡಸರದು ಬೇರೆ, ಹೆಂಗಸರದು ಬೇರೆ. ಹಿಂದೆ ಎನ್ನುವುದೇ ಇಲ್ಲದ ಗಾಡಿಯಲ್ಲಿ, ಮೇಲೆ ಚಾವಣಿ ಸಹ ಇಲ್ಲದೆ, ಹಾಡಹಗಲು, ಗಂಡನ ಹೆಗಲಿಗೆ ಹೆಗಲು ಹಚ್ಚಿ, ಅತ್ತೆಯ ಎದುರು, ಚೇರ್ಮನ್ನರ ಎದುರು ಒಬ್ಬ ಸೊಸೆ ಹೇಗೆ ಕೂರಬೇಕು? ಶೇಖವ್ವನ ಕಿವಿ ಕೆಂಪಾದವು. ಒಂದು ಹೆಜ್ಜೆ ಹಿಂದೆ ಸರಿದು, "ನಾ ಒಲ್ಲೆರಿ. ಅತ್ತಿಯವರನ್ನ ಕುಂದರಿಸಿಕೊಳ್ರಿ" ಎಂದಳು. ಗಂಡನಿಲ್ಲದವಳು ಪೂಜೆಯ ಗಾಡಿಯಲ್ಲಿ ಮೊದಲು ಕೂರಬಾರದು ಎಂದು ವೀರವ್ವ ಹಿಂಜರಿದಳು. ತೆರೆದ ಬಾಗಿಲು ತೆರೆದೇ ಇತ್ತು. ಕಡೆಗೆ ಗುದ್ಲೆಪ್ಪನವರು ಧೋತರ ಮೇಲೆತ್ತಿಕೊಂಡು ಬಂದು, ಕೆಂಪು ಪಟ್ಟಿಯ ಸೀಟಿನಲ್ಲಿ ಧೊಪ್ಪೆಂದು ಕುಳಿತು, "ಹೊಡಿಯಪಾ ನೋಡೋಣ" ಎಂದರು. ಉಡಚಪ್ಪ ಹೊಡೆದ. ಇನ್ನೇನು ಮಾಡಿಯಾನು?

ಅಲ್ಲಿಂದ ಮುಂದೆ ಆ ಸೀಟಿನಲ್ಲಿ ಕೂರದವರಿಲ್ಲ. ಶಾಲೆಯ ಮಾಸ್ತರರು ಕುಳಿತರು, ದವಾಖಾನೆಯ ಕಂಪೌಂಡರು ಕುಳಿತರು. ಶಿಗ್ಗಾಂವಿಯ ಸಂತೆಗೆ ಹೊರಟವರು ಕುಳಿತರು, ಮದುಮಗ ಕುಳಿತ, ಒಮ್ಮೆ ಕೊಂಡು ತಂದ ಹೋತವೂ ಕುಳಿತು ರಸ್ತೆಯುದ್ದಕ್ಕೂ ಅರಚಿತು. ಕೇಳಿದವರಿಗೆ ಇಲ್ಲವೆನ್ನುವುದು ಉಡಚಪ್ಪನ ಬಾಯಿಗೆ ಬಾರದ ಮಾತು. ಹೊತ್ತು ಮುಳುಗುವ ಮುಂಚೆ ಮನೆಯ ಮುಂದೆ ಕಾರು ನಿಲ್ಲಿಸಿದರೆ ಶೇಖವ್ವ ಒಳಗಿನಿಂದ ಒದ್ದೆ ಅರಿವೆ ತಂದು ಸೀಟು ಒರೆಸಿ ಹೋಗುತ್ತಿದ್ದಳು. ಒರೆಸುತ್ತಿದ್ದಳು, ಕೂರುತ್ತಿರಲಿಲ್ಲ.

ಅವನು ಮತ್ತೆ ಕರೆಯಲಿಲ್ಲ. ಊರ ಮುಂದೆ ಒಲ್ಲೆ ಎನ್ನಿಸಿಕೊಂಡದ್ದು ಅವನ ಎದೆಯಲ್ಲಿ ಮುರಿದ ಮುಳ್ಳಾಗಿ ಕುಳಿತಿತ್ತು. ಇಷ್ಟೆಲ್ಲ ಯಾರಿಗಾಗಿ ಮಾಡಿದೆ ಎನ್ನುವುದು ಅವಳಿಗೆ ಗೊತ್ತಿಲ್ಲವೇ, ತಾನಾಗಿ ಒಂದು ಮಾತು ಬರ್ತೇನಿ ಅಂದರೆ ಅವಳ ಗಂಟೇನು ಹೋಗುತ್ತದೆ ಎಂದು ಅವನ ಸಿಟ್ಟು. ಗಂಡ ಕರೆಯದೆ ಗಾಡಿ ಹತ್ತುವುದು ಹೇಗೆ ಎಂದು ಅವಳ ಸಂಕೋಚ. ಊರ ಹೊರಗಿನ ಕೆರೆಯ ಏರಿಯ ಮೇಲೆ, ಯಾರೂ ಇಲ್ಲದಾಗ, ಮೆಲ್ಲನೆ ಒಮ್ಮೆ ಬಾ ಎಂದಿದ್ದರೆ ಕಥೆ ಬೇರೆಯೇ ಆಗುತ್ತಿತ್ತೇನೋ. ಆದರೆ ಗಂಡ ಹೆಂಡತಿ ಕೆರೆಯ ಏರಿಗೆ ಯಾವ ನೆಪದಲ್ಲಿ ಒಟ್ಟಿಗೆ ಹೋಗಬೇಕು? ನೆಪವಿಲ್ಲದೆ ಹೋಗುವುದನ್ನು ಅವರಿಬ್ಬರೂ ಕಂಡವರಲ್ಲ, ಕೇಳಿದವರಲ್ಲ.

ನೆಪ ಬಂತು. ಮುಂದಿನ ಶ್ರಾವಣದಲ್ಲಿ ಪಂಚಮಿ ಬಂತು. ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಉಡಚಪ್ಪ ತಿಂಗಳು ಮೊದಲೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡ. ತಾನೇ ಕಾರಿನಲ್ಲಿ ಅವಳನ್ನು ತವರಿಗೆ ಬಿಟ್ಟು ಬರುವುದು. ಗಂಡ ಹೆಂಡತಿಯನ್ನು ತವರಿಗೆ ಕರೆದೊಯ್ಯುವುದರಲ್ಲಿ ಯಾರಿಗೂ ತಪ್ಪು ಕಾಣಲಾರದು, ಮಗಳನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಅಕ್ಕಪಕ್ಕ ಕೂತದ್ದೂ ಅಷ್ಟು ಎದ್ದು ಕಾಣುವುದಿಲ್ಲ. ಬ್ರೇಕು ನೋಡಿದ, ಆಯಿಲ್ ಬದಲಾಯಿಸಿದ. ಅವಳಿಗೆ ಮಾತ್ರ ಏನೂ ಹೇಳಲಿಲ್ಲ. ಹೊರಡುವ ಹೊತ್ತಿಗೆ ಹೇಳಿದರಾಯಿತು ಎಂದುಕೊಂಡ.

ಪಂಚಮಿಗೆ ತಂಗಿಯನ್ನು ಕರೆಯಲು ಅಣ್ಣ ಬರುತ್ತಾನೆ. ಇದು ಎಂದಿನಿಂದಲೂ ನಡೆದು ಬಂದದ್ದು, ಉಡಚಪ್ಪನೂ ತನ್ನ ಅಕ್ಕಂದಿರನ್ನು ಹಾಗೆಯೇ ಕರೆತಂದವನು. ಆದರೂ ಕಾರಿನ ಗುಂಗಿನಲ್ಲಿ ಅದನ್ನೇ ಮರೆತುಬಿಟ್ಟಿದ್ದ. ಶೇಖವ್ವನ ಅಣ್ಣ ಹನುಮಂತಪ್ಪ ಕೈಯಲ್ಲಿ ಹಬ್ಬಕ್ಕೆ ಹುರಿದ ಜೋಳದ ಅಳ್ಳಿನ ಗಂಟು ಹಿಡಿದು ಬಸ್ಸಿಳಿದು ಬಂದ. ಅಂಗಳದಲ್ಲಿ ನಿಂತ ಕಾರನ್ನು ಕಂಡವನೇ ಗಂಟು ಕೆಳಗಿಟ್ಟ.

"ಮಾವಾ, ಇದ ಏನು ಆ ಗಾಡಿ! ನಮ್ಮೂರಾಗೂ ಇದರ ಸುದ್ದಿ ಐತ್ರಿ. ಇವತ್ತ ನಾ ಇದರಾಗ ಬರಾಂವ ನೋಡ್ರಿ."

ಹಬ್ಬದ ದಿನ, ತಂಗಿಯನ್ನು ಕರೆಯಲು ಬಂದ ಹೆಂಡತಿಯ ಅಣ್ಣ. ಒಲ್ಲೆ ಎನ್ನಲು ಉಡಚಪ್ಪನಿಗೆ ನಾಲಿಗೆ ಹೊರಳಲಿಲ್ಲ. ಇದ್ದದ್ದು ಎರಡೇ ಸೀಟು. ಶೇಖವ್ವ ಒಂದು ಗಳಿಗೆ ಗಂಡನ ಮುಖ ನೋಡಿದಳು. ಅವನೇನಾದರೂ ಅಂದಾನು ಎಂದು ಕಾದಳು. ಅವನು ರೇಡಿಯೇಟರಿಗೆ ನೀರು ಹಾಕುತ್ತ ನಿಂತಿದ್ದ. ಅವಳು ಮಗಳನ್ನು ಸೊಂಟಕ್ಕೆ ಎತ್ತಿಕೊಂಡು, ಅಳ್ಳಿನ ಗಂಟನ್ನೂ ತಾನೇ ಹಿಡಿದು, ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಹಾಗೆ ಹೊರಟಿತು ಅವರ ಮೆರವಣಿಗೆ. ಮುಂದೆ ಬಸ್ಸು, ಬಸ್ಸಿನ ಹಿಂದೆ ಕಾರು. ಕಾರಿನಲ್ಲಿ ಗಂಡ ಮತ್ತು ಅಣ್ಣ, ಬಸ್ಸಿನಲ್ಲಿ ಹೆಂಡತಿ ಮತ್ತು ಮಗಳು. ಹನುಮಂತಪ್ಪ ತಲೆಯ ಪಟಕಾ ಬಿಗಿಯಾಗಿ ಹಿಡಿದುಕೊಂಡು ದಾರಿಯಲ್ಲಿ ಸಿಕ್ಕವರಿಗೆಲ್ಲ ಕೈಯೆತ್ತುತ್ತಿದ್ದ. ವಾರದಿಂದ ಮಳೆ ಇರಲಿಲ್ಲ, ಉಡಚಪ್ಪನಿಗೆ ಬಸ್ಸಿನ ಧೂಳು ಬಿಟ್ಟು ಬೇರೆ ಏನೂ ಕಾಣುತ್ತಿರಲಿಲ್ಲ. ಹಿಂದೆ ಹಾಕಿ ಮುಂದೆ ಹೋಗುವ ಶಕ್ತಿ ಕಾರಿಗೆ ಇತ್ತು, ಅವನಿಗೆ ಇರಲಿಲ್ಲ. ಬಸ್ಸು ಬಿಟ್ಟು ಮುಂದೆ ಹೋದರೆ ಅವಳನ್ನು ಬಿಟ್ಟು ಹೋದಂತೆ ಅನ್ನಿಸಿ ಹಾನಗಲ್ಲಿನವರೆಗೂ ಆ ಧೂಳನ್ನೇ ಕುಡಿದ.

ಹಾನಗಲ್ಲಿನಲ್ಲಿ ಶೇಖವ್ವ ಇಳಿದು ಹಿರೇಕೆರೂರ ಬಸ್ಸು ಹತ್ತಿ ಕುಳಿತಳು. ಭತ್ತದ ಚೀಲಗಳ ನಡುವೆ ದಾರಿ ಮಾಡಿಕೊಂಡು ಉಡಚಪ್ಪ ಅವಳ ಕಿಟಕಿಯ ಕೆಳಗೆ ಹೋಗಿ ನಿಂತ. ಹನುಮಂತಪ್ಪ ಕಬ್ಬಿನ ಗಾಡಿಯವರಿಗೆ ಕಾರು ತೋರಿಸುವುದರಲ್ಲಿ ಮುಳುಗಿದ್ದ. ಉಡಚಪ್ಪ ಏನು ಹೇಳಬೇಕೆಂದು ಬಂದಿದ್ದನೋ, ಹೇಳಿದ್ದು ಇಷ್ಟು: "ಧೂಳ ಭಾಳ ಬಂತೇನು?"

"ನನಗೆಲ್ಲಿ ಧೂಳರಿ, ಬಸ್ಸಿನಾಗ ಕುಂತಾಕಿಗೆ," ಎಂದಳು ಶೇಖವ್ವ. "ಹಿಂದಿನ ಕಿಡಕ್ಯಾಗಿಂದ ನೋಡಕೋತ ಬಂದೆ. ಛಂದ ಕಾಣತೈತ್ರಿ ನಿಮ್ಮ ಗಾಡಿ."

ನಿಮ್ಮ ಗಾಡಿ. ಅವಳು ಕುಟುಕಬೇಕೆಂದು ಅಂದದ್ದಲ್ಲ. ಅಷ್ಟಕ್ಕೆ ಬಸ್ಸು ಹೊರಟಿತು. ತಂಗಿಯನ್ನು ಕರೆದೊಯ್ಯಬೇಕಾದ ಹನುಮಂತಪ್ಪ ಓಡಿ ಬಂದು ಬಾಗಿಲಿಗೆ ಜೋತುಬಿದ್ದ.

ಮತ್ತೆ ಬಸ್ಸಿನ ಬೆನ್ನು ಹತ್ತಲು ಮನಸ್ಸಾಗದೆ ಉಡಚಪ್ಪ ಅಲ್ಲಿಂದಲೇ ತಿರುಗಿದ, ಕಾರಿನಲ್ಲಿ ಅವನೊಬ್ಬನೇ. ಮೋಡ ಸರಿದು ಬಿಸಿಲು ಬಿದ್ದಿತ್ತು, ರಸ್ತೆ ಖಾಲಿ ಇತ್ತು, ಇಂಜಿನ್ ಒಂದು ಅಪಸ್ವರವಿಲ್ಲದೆ ನಡೆಯುತ್ತಿತ್ತು. ಇಷ್ಟು ವರ್ಷ ಕನಸು ಕಂಡದ್ದೆಲ್ಲ ಕೈಯೊಳಗೆ ಇತ್ತು. ಅವನಿಗೆ ಏನೂ ಅನ್ನಿಸಲಿಲ್ಲ. ಏನೂ ಅನ್ನಿಸದಿದ್ದುದಕ್ಕೇ ಅವನಿಗೆ ಹೆದರಿಕೆಯಾಯಿತು. ಬಂಕಾಪುರದ ಈಚೆ ಒಂದು ಬೇವಿನಮರದ ನೆರಳಿಗೆ ಗಾಡಿ ನಿಲ್ಲಿಸಿ, ಪಕ್ಕದ ಸೀಟಿನ ಕಡೆ ನೋಡದೆ, ಸುಮ್ಮನೆ ಅತ್ತುಬಿಟ್ಟ. ಗಂಡಸು, ಮೂವತ್ತು ದಾಟಿದವನು, ಕಾರಿನ ಮಾಲೀಕ.

ಆಮೇಲೆ ಶುರುವಾಯಿತು ಅವನ ಬಿಚ್ಚುವ ಹುಚ್ಚು. ಏನೂ ಕೆಡದ ಇಂಜಿನ್ನನ್ನು ಬಿಚ್ಚಿ ಹರವುವುದು, ಒರೆಸುವುದು, ಮತ್ತೆ ಕೂಡಿಸುವುದು. ಕೂಡಿಸಿದ ಮೇಲೆ ಇನ್ನೊಂದು ವಾರಕ್ಕೆ ಗೇರು ಬಿಚ್ಚುವುದು. ಕಟ್ಟುತ್ತಿದ್ದಾಗ ಆ ಕಾರಿನಲ್ಲಿ ಶೇಖವ್ವ ದಿನಾ ಕುಳಿತಿರುತ್ತಿದ್ದಳು. ಅರ್ಧ ಆದ ಕಾರಿನಲ್ಲಿ ಯಾರನ್ನು ಬೇಕಾದರೂ ಕೂರಿಸಬಹುದು, ಯಾರೂ ಬೇಡವೆನ್ನುವುದಿಲ್ಲ. ಪೂರ್ತಿಯಾದ ಕಾರಿನಲ್ಲಿ ನಿಜವಾಗಿ ಬಂದು ಕೂರುವವರಷ್ಟೇ ಕೂರುತ್ತಾರೆ. ಅದನ್ನು ಮತ್ತೆ ಅರ್ಧ ಮಾಡಲು ಅವನು ಹೆಣಗುತ್ತಿದ್ದ, ಪಾಪ. ಆದರೆ ಕೈ ಪಳಗಿಬಿಟ್ಟಿತ್ತು, ಬಿಚ್ಚಿದ್ದು ಎರಡು ದಿನಕ್ಕೆ ಮತ್ತೆ ಪೂರ್ತಿಯಾಗಿಬಿಡುತ್ತಿತ್ತು.

ಒಂದು ದಿನ ಖಲಂದರನಿಗೆ ಹೇಳಿದ: "ಯಾರರ ಗಿರಾಕಿ ಇದ್ರ ನೋಡೋ. ಕೊಟ್ಟಬಿಡ್ತೇನಿ."

"ತಲಿಗಿಲಿ ಕೆಟ್ಟೈತೇನು? ಹಿಂದ ಒಂದು ಸೀಟ ಹಚ್ಚೂಣು ಬೇಕಂದ್ರ. ನಾ ಬಡದು ಕೊಡ್ತೇನಿ."

ಉಡಚಪ್ಪ ಅದನ್ನೂ ಯೋಚಿಸದೇ ಇರಲಿಲ್ಲ. ಹಿಂದಿನ ಸೀಟು ಹಾಕಬಹುದು. ಶೇಖವ್ವ ಹಿಂದೆ ಕೂರುತ್ತಾಳೆ, ಸೆರಗು ಹೊದ್ದು, ಮುದುಡಿ. ಅವನಿಗೆ ಅವಳ ಮುಖ ಕಾಣುವುದಿಲ್ಲ. "ಬ್ಯಾಡೋ. ಅದಕ್ಕ ಬಂಡಿನ ಸಾಕು" ಎಂದ.

ದೀಪಾವಳಿ ಮುಗಿದ ಮೇಲೆ ಸವಣೂರಿನಿಂದ ಮುನಾಫ ಬಂದ. ಎಲೆತೋಟದವರ ಮಗ, ಹೊಸದಾಗಿ ಲಗ್ನವಾದವನು. ಮಾತುಕತೆ ಮೊದಲೇ ಮುಗಿದಿತ್ತು, ಅವತ್ತು ಕೊಟ್ಟು ತೆಗೆದುಕೊಳ್ಳುವುದಷ್ಟೇ. ಜೊತೆಗೆ ಹೆಂಡತಿ ಶಾಕೀರಾಳನ್ನೂ ಕರೆತಂದಿದ್ದ. ಅವಳು ಹುಬ್ಬಳ್ಳಿಯ ಹುಡುಗಿ, ಬುರಖಾ ತೊಟ್ಟಿದ್ದಳು. ಒಳಗೆ ಬಂದು ಮುಖದ ಪರದೆ ಎತ್ತಿ ಶೇಖವ್ವನ ಜೊತೆ ಅಡಿಗೆಮನೆಯಲ್ಲಿ ಕುಳಿತು ಚಹಾ ಕುಡಿದಳು, ಎರಡೇ ಗಳಿಗೆಯಲ್ಲಿ ಅಕ್ಕಾ ಅಕ್ಕಾ ಎಂದು ಹಚ್ಚಿಕೊಂಡಳು. ಹೊರಗೆ ಮತ್ತೆ ಮಂದಿ ಸೇರಿತ್ತು, ಪೂಜೆಯ ದಿನ ಸೇರಿದ ಹಾಗೆ. ಗುದ್ಲೆಪ್ಪನವರು ಕಟ್ಟೆಯ ಮೇಲೆ ಕುಳಿತಿದ್ದರು. ವೀರವ್ವ ಹೊಸ್ತಿಲಲ್ಲಿ ನಿಂತಿದ್ದಳು. ಉಡಚಪ್ಪ ಚಾವಿಯನ್ನು ಎಲೆ ಅಡಿಕೆಯ ಮೇಲೆ ಇಟ್ಟು ಮುನಾಫನ ಕೈಗೆ ಕೊಟ್ಟ, ಆಮೇಲೆ ಜಾಕು, ಪಾನಾ ತರಲು ಶೆಡ್ಡಿಗೆ ಹೋದ.

ಪರದೆ ಇಳಿಬಿಟ್ಟುಕೊಂಡು ಕಾರಿನ ಹತ್ತಿರ ಬಂದ ಶಾಕೀರಾ ಬಗ್ಗಿ ಸೀಟು ನೋಡಿದಳು. "ಇದನ್ನ ಯಾರು ಹೊಲದಾರಕ್ಕಾ? ಮಶೀನಿಂದಲ್ಲ ಇದು."

"ನಾನ" ಎಂದಳು ಶೇಖವ್ವ.

"ನೀವಾ? ಹಂಗಾರ ಮೊದಲು ನೀವು ಕುಂದರ್ರಿ. ಹೊಲದವರು ಕುಂದರದನ ನಾ ಹೆಂಗ ಕುಂದರ್ಲಿ? ನಾ ಒಲ್ಲೆ. ನೀವು ಕುಂತು ಎದ್ದ ಮ್ಯಾಲೇ ನಾನು."

ಶೇಖವ್ವ ಬೇಡವೆಂದಳು, ಸರಿದಳು. ಆ ಹುಡುಗಿ ಬಿಡಲಿಲ್ಲ, ಕೈ ಹಿಡಿದು ಬಾಗಿಲು ತೆರೆದು ಕೂರಿಸಿಯೇಬಿಟ್ಟಳು. ಮನೆಗೆ ಬಂದ ಹೆಣ್ಣುಮಗಳ ಒತ್ತಾಯ, ಅದೂ ನಿಂತ ಗಾಡಿ, ಪಕ್ಕದಲ್ಲಿ ಗಂಡನೂ ಇಲ್ಲ. ಯಾರೂ ಏನೂ ಅನ್ನಲಿಲ್ಲ. ಶೇಖವ್ವ ಸೀಟಿನ ಮೇಲೆ ಎರಡೂ ಅಂಗೈ ಊರಿ ಕುಳಿತಳು.

ಉಡಚಪ್ಪ ಜಾಕು ಹೊತ್ತು ಬಂದವನು ಹಾಗೆಯೇ ನಿಂತ. ಎಡಗಡೆಯ ಸೀಟಿನಲ್ಲಿ ಶೇಖವ್ವ. ತಲೆಯ ಮೇಲೆ ಸೆರಗು, ಅದರ ಅಂಚು ಗಾಳಿಗೆ ಸ್ವಲ್ಪ ಏಳುತ್ತಿತ್ತು.

ಮುನಾಫ ಒಳ್ಳೆಯ ಹುಡುಗ. ಅವನಿಗೇನು ಹೊಳೆಯಿತೋ, ಚಾವಿ ಮುಂದೆ ಹಿಡಿದ. "ಉಡಚಪ್ಪಣ್ಣಾ, ಅಕ್ಕ ಹೆಂಗೂ ಕುಂತಾರ. ಕೆರಿ ತನಕಾ ಇಬ್ಬರೂ ಒಂದು ರೌಂಡ್ ಹೋಗಿ ಬರ್ರಿ. ನಮಗೇನು ಅವಸರಿಲ್ಲ."

ಎಲ್ಲರೂ ಉಡಚಪ್ಪನ ಕಡೆ ತಿರುಗಿದರು. ಶೇಖವ್ವ ಇಳಿಯುತ್ತಾಳೆ ಎಂದು ಅವನಿಗೆ ಖಾತ್ರಿ ಇತ್ತು. ಅವಳು ಇಳಿಯಲಿಲ್ಲ. ಮುಖ ತಗ್ಗಿಸಲೂ ಇಲ್ಲ. ಒಂದು ಕೈಯಿಂದ ಬಾಗಿಲಿನ ಅಂಚು ಗಟ್ಟಿಯಾಗಿ ಹಿಡಿದು, ಎದುರಿನ ರಸ್ತೆ ನೋಡುತ್ತ ಕುಳಿತೇ ಇದ್ದಳು. ಅತ್ತೆ ನೋಡುತ್ತಿದ್ದಳು, ಚೇರ್ಮನ್ನರು ನೋಡುತ್ತಿದ್ದರು, ಓಣಿಗೆ ಓಣಿಯೇ ನೋಡುತ್ತಿತ್ತು. ಅವಳು ಕಾಯುತ್ತಿದ್ದಳು.

ನಾಲ್ಕು ಹೆಜ್ಜೆ ನಡೆದು ಚಾವಿ ಇಸಿದುಕೊಂಡರೆ ಆಗುತ್ತಿತ್ತು. ಉಡಚಪ್ಪನ ಮೈಯೆಲ್ಲ ಹೋಗು ಎನ್ನುತ್ತಿತ್ತು, ಕಾಲು ಮಾತ್ರ ಏಳಲಿಲ್ಲ. ಅವ್ವ ಏನಂದಾಳು, ಮಂದಿ ಎಷ್ಟು ನಕ್ಕಾರು, ಮಾರಿದ ಗಾಡಿಯಲ್ಲಿ ಹೆಂಡತಿಯನ್ನು ಮೆರೆಸಿದ ಎಂದು ಎಷ್ಟು ದಿನ ಆಡಿಕೊಂಡಾರು. ಕಟ್ಟೆಯ ಮೇಲೆ ಯಾರೋ ಕೆಮ್ಮಿದರು. ಅಷ್ಟು ಸಾಕಾಯಿತು. ತನ್ನ ಬಾಯಿಂದ ಬಂದ ಮಾತು ಅವನಿಗೇ ಬೇರೆ ಯಾರೋ ಆಡಿದಂತೆ ಕೇಳಿಸಿತು.

"ಬ್ಯಾಡ ತಗೋರಿ. ಗಾಡಿ ನಿಮ್ಮದಾತು ಇನ್ನ."

ಶೇಖವ್ವ ಬಾಗಿಲಿನಿಂದ ಕೈ ತೆಗೆದಳು. ಇಳಿದು, ಸೀಟನ್ನು ಸೆರಗಿನಿಂದ ಒಮ್ಮೆ ಒರೆಸಿ, "ಕುಂದರವಾ ತಂಗಿ" ಎಂದು ಶಾಕೀರಾಳ ಬೆನ್ನು ಸವರಿದಳು. ಶಾಕೀರಾ ಗಂಡನ ಬಗಲಿಗೆ ಕುಳಿತಳು. ಮುಖ ಕಾಣದವಳ ಬಗ್ಗೆ ಊರಿನವರಿಗೆ ಹೇಳಲು ಏನೂ ಇರಲಿಲ್ಲ. ಕಾರು ಹುಣಸೆಮರ ದಾಟಿ, ದೊಡ್ಡ ರಸ್ತೆ ಹಿಡಿದು, ಸವಣೂರಿನ ಕಡೆ ಹೋಯಿತು.

ಮಂದಿ ಚದುರಿತು. ಉಡಚಪ್ಪ ಹಿತ್ತಲಿಗೆ ಬಂದಾಗ ಶೇಖವ್ವ ಚಹಾದ ಬಸಿಗಳನ್ನು ತೊಳೆಯುತ್ತಿದ್ದಳು. ಅವನು ಗೋಡೆಗೆ ಆತು ನಿಂತ.

"ಇಳೀಬಾರದಿತ್ತು ನೀ" ಎಂದ. "ಇನ್ನೊಂದು ಗಳಿಗಿ ಕುಂತಿದ್ರ ನಾ ಬರ್ತಿದ್ದೆ."

ಶೇಖವ್ವ ತಲೆ ಎತ್ತದೆ ಒಂದು ಬಸಿ ತೊಳೆದಳು, ಬೋರಲು ಹಾಕಿದಳು, ಇನ್ನೊಂದನ್ನು ಕೈಗೆ ತೆಗೆದುಕೊಂಡಳು.

"ಪೂಜಿ ದಿನ ನಾನೂ ಹಂಗ ಅನಕೊಂಡಿದ್ದೆರಿ," ಎಂದಳು. "ಇನ್ನೊಮ್ಮಿ ಬಾ ಅಂದ್ರ ಹತ್ತಿಬಿಡಬೇಕು ಅಂತ."